ನೂರಾ ಮೂವತ್ತೊಂದನೇ ವಾರದ ಓದು

ನಮ್ಮ ಬಳಗದಲ್ಲಿ ಒಂದು ಕಟ್ಟಳೆ ಇತ್ತು. ವಾರದ ಓದಿನಲ್ಲಿ ಯಾವ ಬರಹವನ್ನು ಸೇರಿಸಿದರೂ ಅದರ ಕೆಳಗೆ ಎರಡರಲ್ಲಿ ಒಂದು ಮಾತನ್ನು ಬರೆಯಬೇಕು. ಒಂದು, 'ಓದಿದ್ದು'. ಇನ್ನೊಂದು, 'ಮಾಡಿ ನೋಡಿದ್ದು'. ಸೇರಿಸಿದವರು ಅದನ್ನು ಬರೀ ಓದಿದ್ದಾರೋ, ತಮ್ಮ ಯಂತ್ರದ ಮೇಲೆ ನಡೆಸಿ ಪರೀಕ್ಷಿಸಿದ್ದಾರೋ ಎಂಬುದು ಉಳಿದವರಿಗೆ ತಿಳಿಯಲಿ ಎಂದು ಸಿದ್ಧಾರೂಢ ಸರ್ ಮೊದಲ ವಾರವೇ ಮಾಡಿದ ನಿಯಮ ಅದು. ಅವರು ಕುಂದಗೋಳದವರು, ಪಾಲಿಟೆಕ್ನಿಕ್‌ನಲ್ಲಿ ನನಗೂ ಇನ್ನೂ ಹತ್ತಾರು ಮಂದಿಗೂ ಕಲಿಸಿದವರು.

ಬಳಗ ಎಂದರೆ ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿಯ ಸುತ್ತ ಇದ್ದುಕೊಂಡೇ ಪ್ರೋಗ್ರಾಂ ಬರೆಯುವ ನಲವತ್ತಾರು ಮಂದಿ. ಒಬ್ಬರು ಸಕ್ಕರೆ ಕಾರ್ಖಾನೆಗೆ ಬರೆಯುತ್ತಾರೆ, ಒಬ್ಬರು ಹತ್ತಿ ಮಿಲ್ಲಿಗೆ. ನಾನು ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಕುಳಿತು ಹುಬ್ಬಳ್ಳಿಯ ಒಂದು ಸಂಸ್ಥೆಯ ಪರವಾಗಿ ರಕ್ತಪರೀಕ್ಷೆಯ ಲ್ಯಾಬುಗಳಿಗೆ ಬರೆಯುತ್ತೇನೆ. ನಮ್ಮಲ್ಲಿ ಬಹಳ ಮಂದಿ ಕೆಲಸದ ಜಾಗದಲ್ಲಿ ಒಬ್ಬಂಟಿಗರು. ಅನುಮಾನ ಬಂದರೆ ಪಕ್ಕದ ಮೇಜಿನವರನ್ನು ಕೇಳೋಣವೆಂದರೆ ಪಕ್ಕದಲ್ಲಿ ಮೇಜೇ ಇಲ್ಲ. ಪ್ರತಿ ಶನಿವಾರ ಸಂಜೆ ನಾನು ಕಳಿಸುತ್ತಿದ್ದ ಏಳು ಬರಹಗಳ ಪಟ್ಟಿ, ಒಂದೊಂದಕ್ಕೂ ನಾಲ್ಕೈದು ಸಾಲಿನ ಕನ್ನಡ ಸಾರಾಂಶ, ಹಾಗೆ ನೋಡಿದರೆ ಆ ಇಲ್ಲದ ಮೇಜಿನ ಬದಲಿಗಿತ್ತು. ಹೊಸದಾಗಿ ಬಂದ ತಂತ್ರಾಂಶ, ಯಾರೋ ಕಂಡುಕೊಂಡ ದೋಷ, ಹೀಗೆ ಬರೆಯಿರಿ ಹಾಗೆ ಬರೆಯಬೇಡಿ ಎಂಬ ಉಪದೇಶ, ಇಂಥವೇ. ಎರಡೂವರೆ ವರ್ಷ ಒಂದು ವಾರವೂ ತಪ್ಪಿರಲಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು, ಮತ್ತು ಹೆಮ್ಮೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ.

ಜನವರಿಯ ಮೊದಲ ಶನಿವಾರ ಕಳಿಸಿದ್ದು ನೂರಾ ಮೂವತ್ತೊಂದನೆಯದು. ಅದರಲ್ಲಿ ನಾಲ್ಕನೇ ಬರಹ ಒಂದು ಸಣ್ಣ ತಂತ್ರಾಂಶದ ಹೊಸ ಆವೃತ್ತಿಯನ್ನು ಕುರಿತದ್ದು. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಟ್ಯಾಬ್‌ನಲ್ಲಿ ತುಂಬಿಟ್ಟ ಮಾಹಿತಿಯನ್ನು, ನೆಟ್‌ವರ್ಕ್ ಸಿಕ್ಕಾಗ ಆಫೀಸಿನ ಕಂಪ್ಯೂಟರಿಗೆ ಒಯ್ದು ಜೋಡಿಸುವುದು ಅದರ ಕೆಲಸ. ಹಳೆಯ ಆವೃತ್ತಿಯಲ್ಲಿ ಒಂದೇ ನಮೂನೆಗೆ ಎರಡು ಪ್ರತಿ ಬಂದರೆ ಅದು ಎರಡನ್ನೂ ಇಟ್ಟುಕೊಂಡು, ಯಾವುದು ಸರಿ ಎಂದು ಮನುಷ್ಯರನ್ನು ಕೇಳುತ್ತಿತ್ತು. ದಿನಕ್ಕೆ ನೂರು ಸಲ ಕೇಳಿ ತಲೆ ತಿನ್ನುತ್ತಿತ್ತು. ಹೊಸದು ಕೇಳುವುದಿಲ್ಲ, ತಾನೇ ತೀರ್ಮಾನಿಸುತ್ತದೆ ಎಂದು ಬರಹ ಹೇಳುತ್ತಿತ್ತು. ದೊಡ್ಡ ಬರಹ. ಮೂರರಲ್ಲಿ ಎರಡು ಪಾಲು ಓದಿದೆ. ಬರೆದವರು ಗೊತ್ತಿದ್ದವರು, ನಂಬಬಹುದಾದವರು. ಸಾರಾಂಶ ಬರೆದೆ.

ಪ್ರತಿ ವಾರ ನಾನು ಹಿಂದಿನ ವಾರದ ಪಟ್ಟಿಯನ್ನು ನಕಲು ಮಾಡಿಕೊಂಡು ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದೆ. ಹಿಂದಿನ ವಾರದ ನಾಲ್ಕನೇ ಬರಹದ ಕೆಳಗೆ 'ಮಾಡಿ ನೋಡಿದ್ದು' ಎಂದಿತ್ತು. ಅದು ಹಾಗೆಯೇ ಉಳಿಯಿತು.

ಇಷ್ಟೇ ಆಗಿದ್ದರೆ ಇದನ್ನು ಕೈತಪ್ಪು ಎನ್ನಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ನಾಷ್ಟಾ ಮಾಡುತ್ತ ಪಟ್ಟಿಯನ್ನು ಮತ್ತೊಮ್ಮೆ ನೋಡಿದಾಗ ಅದು ನನ್ನ ಕಣ್ಣಿಗೆ ಬಿತ್ತು. ಅದರ ಕೆಳಗೆ ಬಳಗದ ಪ್ರತಾಪನ ಉತ್ತರವೂ ಇತ್ತು: "ಅಕ್ಕಾರ, ಇದ ನಮಗ ಬೇಕಾಗಿತ್ರಿ. ನಾಳೆ ಹಾಕ್ತೇನಿ."

ಒಂದು ಸಾಲು ಬರೆದರೆ ಸಾಕಿತ್ತು. 'ಕ್ಷಮಿಸಿ, ನಾಲ್ಕನೆಯದು ಓದಿದ್ದು ಮಾತ್ರ.' ಬೆರಳು ಇಟ್ಟು ತೆಗೆದೆ. ಸಂಜೆ ನಿಜವಾಗಿಯೂ ಮಾಡಿ ನೋಡಿಬಿಟ್ಟರೆ ಆ ಮಾತು ಸುಳ್ಳಾಗುವುದಿಲ್ಲವಲ್ಲ ಎಂದುಕೊಂಡೆ. ಸಂಜೆ ಮಾಡಲಿಲ್ಲ. ಸೋಮವಾರ ಒಂದು ಲ್ಯಾಬಿನ ತಂತ್ರಾಂಶ ಕೆಟ್ಟಿತು, ಅದರ ಹಿಂದೆ ಬಿದ್ದೆ. ಬುಧವಾರದ ಹೊತ್ತಿಗೆ ಮರೆತಿದ್ದೆ.

ಪ್ರತಾಪ ಶಲವಡಿಯ ಹುಲಿಗೆಪ್ಪನವರ ಮಗ. ಊರಾಚೆ ಒಂದು ಬೀಜದ ಕಂಪನಿಯ ಪ್ರಯೋಗ ಕೇಂದ್ರವಿದೆ, ಅಲ್ಲಿ ಅವನೊಬ್ಬನೇ ಪ್ರೋಗ್ರಾಮರ್. ಪ್ರತಿ ಮಾರ್ಚ್‌ಗೆ ನವೀಕರಿಸುವ ಗುತ್ತಿಗೆ ಕೆಲಸ. ನೂರಾ ನಲವತ್ನಾಲ್ಕು ತಾಕುಗಳಲ್ಲಿ ಬೇರೆ ಬೇರೆ ತಳಿಯ ಕಡಲೆ ಬಿತ್ತಿ, ವಾರವಾರ ಹೆಂಗಸರು ಗಿಡ ಗಿಡಕ್ಕೂ ಬಗ್ಗಿ ಹೂವು, ಕಾಯಿ ಎಣಿಸಿ ಟ್ಯಾಬ್‌ನಲ್ಲಿ ತುಂಬುತ್ತಾರೆ. ಒಂದು ತಾಕಿಗೆ ಒಂದು ನಮೂನೆ, ಅದರಲ್ಲಿ ವಾರಕ್ಕೊಂದು ಖಾನೆ. ನಾಲ್ಕು ವರ್ಷದ ಪ್ರಯೋಗ, ಇದು ನಾಲ್ಕನೆಯ ವರ್ಷ.

ಫೆಬ್ರವರಿಯ ಎರಡನೇ ಭಾನುವಾರ ಬಳಗ ಸೇರಿತ್ತು. ಅಣ್ಣಿಗೇರಿಯಲ್ಲಿ ಮುಮತಾಜ್ ಆಪಾ ಅವರ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ತಿಂಗಳಿಗೊಮ್ಮೆ ಕೂಡುತ್ತೇವೆ. ಅವರೂ ಬಳಗದವರೇ. ಅರ್ಜಿ ತುಂಬಿಕೊಡುತ್ತ ತುಂಬಿಕೊಡುತ್ತ ಆ ಅರ್ಜಿಗಳನ್ನು ತಾನೇ ತುಂಬುವ ಪ್ರೋಗ್ರಾಂ ಬರೆದವರು. ಅಂದು ಪ್ರತಾಪನೂ ಸೇರಿ ಹದಿಮೂರು ಮಂದಿ ಬಂದಿದ್ದೆವು. ಪ್ರತಾಪ ಒಂದು ತಾಸು ತಡವಾಗಿ ಬಂದ.

"ಏನ್ ಸಾಹೇಬ್ರ, ಚಾ ಆರಿ ನೀರಾತು," ಎಂದರು ಮುಮತಾಜ್ ಆಪಾ. "ಹೆಣ್ಣ ನೋಡಾಕ ಹೋಗಿದ್ದ್ಯೇನ?"

"ಇಲ್ರೀ ಆಪಾ." ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತ. ಚಹಾ ಮುಟ್ಟಲಿಲ್ಲ. "ಸರ್ರ, ಓದು ಆಮ್ಯಾಲ ಇಟ್ಕೊಳ್ರಿ. ನಂದೊಂದ ಐತಿ, ಕೇಳ್ರಿ."

ಹೇಳಿದ. ಅರವತ್ತೊಂದು ತಾಕುಗಳ ಜನವರಿಯ ಎಣಿಕೆ ಇಲ್ಲ. ತಪ್ಪಾಗಿದೆ ಎಂದಲ್ಲ, ಇಲ್ಲವೇ ಇಲ್ಲ. ಮೊನ್ನೆ ಕಟಾವು ಮುಗಿದು ರಾಶಿಯಾದ ಮೇಲೆ ಕೇಂದ್ರದ ಮುಖ್ಯಸ್ಥರು ಮೊತ್ತ ತೆಗೆಯಲು ಕೂತಾಗ ಕಂಡಿದೆ. ಕಾರಣವನ್ನು ಅವನೇ ಎರಡು ದಿನ ಹುಡುಕಿ ಕಂಡುಕೊಂಡಿದ್ದ. ಟ್ಯಾಬ್‌ಗಳು ಹಳೆಯವು, ಸಿಮ್ ಇಲ್ಲದವು. ನಾಲ್ಕರ ಬ್ಯಾಟರಿ ಹೊಲದಲ್ಲಿ ಪೂರ್ತಿ ಇಳಿದುಹೋಗುತ್ತಿತ್ತು. ಪವರ್ ಬ್ಯಾಂಕ್ ಹಚ್ಚಿ ಮತ್ತೆ ಚಾಲೂ ಮಾಡಿದರೆ ಅವುಗಳ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಸಂಜೆ ಆಫೀಸಿನ ವೈಫೈ ಹತ್ತಿದ ಕೂಡಲೇ ತಾರೀಖು ತಾನೇ ಸರಿಯಾಗುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಹೊಲದಲ್ಲಿ ತುಂಬಿದ ಎಣಿಕೆಗೆ ಆ ಹಳೆಯ ತಾರೀಖೇ ಅಂಟಿರುತ್ತಿತ್ತು. ಹೊಸ ಆವೃತ್ತಿ ಟ್ಯಾಬಿನ ಪ್ರತಿ, ಆಫೀಸಿನಲ್ಲಿ ಮೊದಲೇ ಇದ್ದ ಪ್ರತಿ ಎರಡರಲ್ಲಿ ತಾರೀಖಿನ ಪ್ರಕಾರ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಎಸೆಯುತ್ತದೆ. ಜನವರಿಯ ಎಣಿಕೆಯೇ ಹಳೆಯದೆಂದು ತಿಳಿದು ಅದು ಎಸೆದಿತ್ತು. ಎಸೆದು ಟ್ಯಾಬಿನಲ್ಲಿ 'ಜೋಡಣೆಯಾಗಿದೆ' ಎಂದು ತೋರಿಸಿ, ಟ್ಯಾಬನ್ನೂ ಬರಿದು ಮಾಡಿತ್ತು.

"ಬ್ಯಾಕಪ್?" ಎಂದು ಯಾರೋ ಕೇಳಿದರು.

"ಆಫೀಸಿಗೆ ಬರಲಾರದ್ದರ ಬ್ಯಾಕಪ್ ಎಲ್ಲಿಂದ ತರ್ಲಿರಿ?"

ಗಿಡ ಹೊಲದಲ್ಲಿ ನಿಂತಿದ್ದರೆ ಮತ್ತೆ ಎಣಿಸಬಹುದಿತ್ತು. ಕಡಲೆ ಆಗಲೇ ಚೀಲ ಸೇರಿತ್ತು.

ಯಾರಿಗಾದರೂ ಕೆಲಸದಲ್ಲಿ ಅನಾಹುತವಾದರೆ ಬಳಗದಲ್ಲಿ ಅದನ್ನು ಹಂತ ಹಂತವಾಗಿ ಬಿಡಿಸಿ ನೋಡುತ್ತೇವೆ. ಹೆಸರಿಗೆ ದೋಷ ಹಚ್ಚಬಾರದು, ಕಾರಣ ಹುಡುಕಬೇಕು ಎಂದು ವಾರದ ಓದಿನಲ್ಲೇ ಹತ್ತಾರು ಸಲ ಓದಿದ್ದೆವು. ಸಿದ್ಧಾರೂಢ ಸರ್ ಪೆನ್ನು ತೆಗೆದರು.

"ಮೂಲ ಬರಹ ಪೂರ್ತಿ ಓದಿದ್ಯೇನೋ?"

"ಅರ್ಧಾ ಓದಿದ್ದೆರಿ. ಅಕ್ಕಾರು ಮಾಡಿ ನೋಡಿದ್ದು ಅಂತ ಹಾಕಿದ್ರು. ಅದಕ್ಕ ಬಿಟ್ಟೆ."

ಹನ್ನೆರಡು ಮುಖಗಳು ನನ್ನ ಕಡೆ ತಿರುಗಿದವು. ಸರ್ ಕನ್ನಡಕದ ಮೇಲಿಂದ ನೋಡಿದರು. "ಅಮೃತಾ, ನೀ ಮಾಡಿ ನೋಡಿದ್ದೆಲ್ಲ?"

ಆ ಪ್ರಶ್ನೆಯಲ್ಲಿ ಉತ್ತರ ಆಗಲೇ ಇತ್ತು. ನಾನು ಅದನ್ನು ಎತ್ತಿಕೊಂಡರೆ ಸಾಕಿತ್ತು.

"ಹೌದ್ರಿ ಸರ್," ಎಂದೆ. "ನನ್ನ ಲ್ಯಾಪ್‌ಟಾಪ್‌ನ್ಯಾಗ ಮಾಡಿದ್ದೆ. ಬರೋಬ್ಬರಿ ನಡೀತು."

"ಮತ್ತ?" ಸರ್ ಪ್ರತಾಪನ ಕಡೆ ತಿರುಗಿದರು. "ಆಕಿ ಲ್ಯಾಪ್‌ಟಾಪಿನ ತಾರೀಖ ಸರಿ ಇತ್ತು, ನಡೀತು. ನಿನ್ನ ಟ್ಯಾಬಿನ ತಾರೀಖ ನೋಡೂದ ಯಾರ ಕೆಲಸೋ ತಮ್ಮಾ? ಆಕಿ ಬಂದು ನೋಡಬೇಕಿತ್ತೇನ?"

"ಇಲ್ರಿ."

"ಓದಿದ್ದನ್ನ ನಿನ್ನ ಜಾಗಾದಾಗ ಒಮ್ಮೆ ನಡಸಿ ನೋಡೂದ ಬ್ಯಾಡ? ಹಂಗ ನೇರ ಹಾಕೂದಾ?"

"ತಪ್ಪಾತ್ರಿ."

ಮುಮತಾಜ್ ಆಪಾ ನಡುವೆ ಬಾಯಿ ಹಾಕಿದರು. "ಹೆಸರ ಹಚ್ಚಬಾರದಂತ ನೀವ ಹೇಳ್ತೀರಿ ಸರ್, ಈಗ ಬರೇ ಹೆಸರ ಹಚ್ಚಾಕತ್ತೀರಿ."

"ಹೆಸರ ಅಲ್ಲವಾ, ಕಾರಣ," ಎಂದು ಸರ್ ಬರೆದುಕೊಂಡರು: ಹಾಕುವ ಮೊದಲು ಸ್ಥಳದಲ್ಲಿ ಪರೀಕ್ಷೆ ಆಗಿಲ್ಲ.

ಆ ಕೋಣೆಯಲ್ಲಿ ನನ್ನ ಮಾತನ್ನು ಯಾರೂ ಎರಡನೇ ಸಲ ಕೇಳಲಿಲ್ಲ. ಪ್ರತಾಪನ ಪ್ರತಿ ಮಾತಿನ ಮೇಲೂ ಪ್ರಶ್ನೆ ಬಂತು. ನಾನು ಯಾವ ಓಣಿಯವಳು, ಅವನು ಯಾವ ಓಣಿಯವನು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುತ್ತದೆ, ಓದಿಕೊಂಡವರ ಕೂಟದಲ್ಲಿ ಅದನ್ನು ಯಾರೂ ಆಡುವುದಿಲ್ಲ. ಅವನು ಹೊರಡುವಾಗ ನನ್ನ ಬಳಿ ಬಂದು, "ನಿಮ್ಮ ಹೆಸರ ತರಬಾರದಿತ್ತು ಅಕ್ಕಾರ, ಬಾಯಿಗೆ ಬಂದ್ಬಿಡ್ತು," ಎಂದ. ನಾನು "ಇರಲಿ ಬಿಡು," ಎಂದೆ. ಹಾಗೆ ಎಂದದ್ದು ನನ್ನ ಬಾಯಿ.

ಮರುದಿನ ಬೆಳಿಗ್ಗೆ ಆ ಬರಹದ ಉಳಿದ ಭಾಗವನ್ನು ಓದಿದೆ. ಕೊನೆಯ ಉಪಶೀರ್ಷಿಕೆ 'ಹಾಕುವ ಮೊದಲು' ಎಂದಿತ್ತು. ಗಡಿಯಾರದ ಮೇಲೆ ಭರವಸೆ ಇಲ್ಲದ ಸಾಧನಗಳಿದ್ದರೆ ಒಂದು ಆಯ್ಕೆಯನ್ನು ಬದಲಿಸಿ, ಆಗ ಹಳೆಯ ರೀತಿಯಲ್ಲೇ ಎರಡೂ ಪ್ರತಿ ಉಳಿಯುತ್ತವೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆಮೇಲೆ ಮನೆಯಲ್ಲಿದ್ದ ಎರಡು ಹಳೆಯ ಫೋನುಗಳನ್ನು ತೆಗೆದು, ಒಂದರ ತಾರೀಖನ್ನು ಹಿಂದಕ್ಕೆ ಹಾಕಿ, ಆ ತಂತ್ರಾಂಶವನ್ನು ಏರಿಸಿ ನಡೆಸಿದೆ. ತಾರೀಖು ಹಿಂದಿದ್ದ ಫೋನಿನಲ್ಲಿ ತುಂಬಿದ್ದು ಮಾಯವಾಯಿತು. ಒಟ್ಟು ಹತ್ತೊಂಬತ್ತು ನಿಮಿಷ ಹಿಡಿಯಿತು.

ನಾನು ಕಂಪ್ಯೂಟರ್ ವಿಜ್ಞಾನ ಓದಿದವಳು, ನನಗೇ ಮೋಸ ಮಾಡಿಕೊಳ್ಳುವಾಗಲೂ ಲೆಕ್ಕಾಚಾರದಿಂದಲೇ ಮಾಡುತ್ತೇನೆ. ಜನವರಿಯಲ್ಲಿ ನಾನು ನಿಜವಾಗಿ ಮಾಡಿ ನೋಡಿದ್ದರೂ ತಾರೀಖನ್ನು ಬದಲಿಸಿ ನೋಡುತ್ತಿದ್ದೆನೆ? ಬಹುಶಃ ಇಲ್ಲ. ಸರಿಯಾದ ಗಡಿಯಾರವಿದ್ದ ಎರಡು ಯಂತ್ರಗಳಲ್ಲಿ ನಡೆಸಿ, ಸರಿ ಇದೆ ಎಂದೇ ಬರೆಯುತ್ತಿದ್ದೆ. ಹಾಗಾದರೆ ನನ್ನ ಸುಳ್ಳಿನಿಂದ ಏನೂ ಬದಲಾಗಲಿಲ್ಲ. ಈ ತರ್ಕದಲ್ಲಿ ಎರಡು ದಿನ ಇದ್ದೆ. ಆದರೆ ನಡೆಸಲು ಕೂತಿದ್ದರೆ 'ಹಾಕುವ ಮೊದಲು' ಎಂಬ ಭಾಗವನ್ನು ಓದಲೇಬೇಕಿತ್ತು, ಯಾಕೆಂದರೆ ಹಾಕುವ ಕ್ರಮ ಇದ್ದದ್ದೇ ಅಲ್ಲಿ. ಅದಲ್ಲದೆ 'ಓದಿದ್ದು' ಎಂದಷ್ಟೇ ಇದ್ದಿದ್ದರೆ ಪ್ರತಾಪ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಬುಧವಾರದ ಹೊತ್ತಿಗೆ ತರ್ಕ ಮುಗಿದು ನಾನು ಉಳಿದೆ.

ಆಗ ಮಾಡಬೇಕಾದದ್ದು ಬಳಗಕ್ಕೆ ಬರೆಯುವುದು, ಅದಕ್ಕೂ ಮೊದಲು ಪ್ರತಾಪನಿಗೆ ಫೋನ್ ಮಾಡುವುದು. ಎರಡೂ ನನ್ನಿಂದಾಗಲಿಲ್ಲ. ಅವನ ದನಿಯನ್ನು ಕೇಳಬೇಕಾಗುತ್ತದೆ. ಕೆಲಸ ಉಳಿಸುವವರು ಅವನ ಮುಖ್ಯಸ್ಥರಾದ ಹೇಮಂತ ಸರ್ ತಾನೆ, ನೇರವಾಗಿ ಅವರಿಗೇ ಹೇಳಿದರೆ ಅವನಿಗೆ ನಿಜವಾದ ಉಪಯೋಗವಾಗುತ್ತದೆ ಎಂದುಕೊಂಡೆ. ಅದು ಧೈರ್ಯದ ಕೆಲಸವೆಂದೂ ಅನ್ನಿಸಿತು. ಗುರುವಾರ ಮಧ್ಯಾಹ್ನದ ಬಸ್ಸಿಗೆ ಶಲವಡಿಗೆ ಹೋಗಿ, ಅಲ್ಲಿಂದ ಟಂಟಂ ರಿಕ್ಷಾ ಹಿಡಿದು ಕೇಂದ್ರದ ಗೇಟಿನಲ್ಲಿ ಇಳಿದೆ.

ಹೊಲವೆಲ್ಲ ಖಾಲಿಯಾಗಿ ಎರೆ ಮಣ್ಣು ಬಿರುಕು ಬಿಡಲು ಶುರುವಾಗಿತ್ತು. ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಂಗಸು ಮೊರ ಹಿಡಿದು ಕಡಲೆ ಹಸನು ಮಾಡುತ್ತಿದ್ದಳು. ಐವತ್ತರ ಮೇಲಿನ ವಯಸ್ಸು.

"ಯಾರ ಬೇಕವಾ?"

"ಹೇಮಂತ ಸರ್‌ನ ನೋಡಬೇಕಿತ್ತು."

"ಉಣ್ಣಾಕ ಕುಂತಾರ. ಕುಂದರ ಬಾ. ಟ್ಯಾಬಿನ ಕಡಿಯಾಕಿ ಏನ್ ನೀ?"

"ಹಂಗ ಅನ್ರಿ."

"ಹಂಗಾದ್ರ ಚಲೋ ಆತು, ನೀನ ಹೇಳ ನನಗ." ಮೊರ ಕೆಳಗಿಟ್ಟಳು. "ನಾ ಮೈಲಾರವ್ವ. ಮೂವತ್ತರಿಂದ ನಲವತ್ತೈದನೇ ತಾಕಿನ ತನಕಾ ನಂದ. ಒಂದೊಂದ ಗಿಡಾ ಬಗ್ಗಿ ಎಣಿಸೇನಿ. ಇಲ್ನೋಡ, ಕಡಲಿ ಎಲಿ ಹುಳಿ ತಾಗಿ ಬೆರಳ ಹೆಂಗ ಒಡದಾವು. ಈಗ ಏನಂತಾರ ಗೊತ್ತೈತೇನ? ನೀ ಎಣಿಸೇ ಇಲ್ಲಬೇ, ಗಿಡದ ನೆಳ್ಳಾಗ ಮಕ್ಕೊಂಡಿದ್ದಿ ಅಂತ ಸೂಪರ್‌ವೈಸರ ಅಂದ. ಎಲಾ ಇವನ, ಮೊಣಕಾಲ ಮಟಾ ಇರೂ ಕಡಲಿ ಗಿಡಕ್ಕ ನೆಳ್ಳ ಎಲ್ಲೈತಿ, ನೀನ ಮಕ್ಕೊಂಡ ತೋರಸ ಅಂದೆ."

ನನಗೆ ನಗು ಬಂತು. ಅವಳು ನಗಲಿಲ್ಲ.

"ಟ್ಯಾಬ್ ನನ್ನ ಕೈಯಾಗಿತ್ತಲ್ಲ, ನನ್ನ ಬಿಡಸೂದ ಅಂತ ಆಗಿತ್ತು. ಆ ಹುಲಿಗೆಪ್ಪನ ಮಗಾ ಬಂದ, ಮೈಲಾರವ್ವ ಎಣಿಸ್ಯಾಳ್ರಿ, ತಪ್ಪ ನಂದು, ನಾ ನೋಡಲಿಲ್ಲ ಅಂದ. ಬರದೂ ಕೊಟ್ಟ. ಅದಕ್ಕ ಇವತ್ತ ಇಲ್ಲಿ ಕುಂತೇನಿ. ಖರೇ ಹೇಳ, ನಾ ಎಣಿಸಿದ್ದ ಆ ಟ್ಯಾಬಿನ್ಯಾಗ ಎಲ್ಲರೆ ಇರ್ತೈತೋ ಇಲ್ಲೋ?"

"ಇಲ್ರಿ. ಹೋಗೇತಿ."

"ಇಷ್ಟೂನು?"

"ಇಷ್ಟೂ."

ಅವಳು ಮತ್ತೆ ಮೊರವನ್ನು ಎತ್ತಿಕೊಂಡಳು.

ಹೇಮಂತ ಸರ್ ಧಾರವಾಡದವರು, ಬೀಜವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವರು. ನನ್ನ ಮಾತನ್ನು ಅಡ್ಡಿ ಮಾಡದೆ ಕೇಳಿದರು. ನಾನು ಕ್ರಮವಾಗಿ ಹೇಳಿದೆ: ವಾರದ ಓದು ಅಂದರೇನು, ಕಟ್ಟಳೆ ಏನು, ನನ್ನ ಕೈತಪ್ಪು, ಅದನ್ನು ಕಂಡೂ ತಿದ್ದದೆ ಬಿಟ್ಟದ್ದು, ಮೊನ್ನೆ ಭಾನುವಾರ ಸುಳ್ಳು ಹೇಳಿದ್ದು. ಪ್ರತಾಪ ನನ್ನ ಮಾತನ್ನು ನಂಬಿ ಹಾಕಿದ, ಅವನದು ತಪ್ಪಲ್ಲ ಎಂದು ಮುಗಿಸಿದೆ. ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಆ ಹಗುರವನ್ನು ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅವರು ಡ್ರಾವರ್ ತೆಗೆದು ಒಂದು ಹಾಳೆಯನ್ನು ಹೊರಗಿಟ್ಟರು. ಪ್ರತಾಪನ ಪತ್ರ.

"ಮೇಡಂ, ಇದನ್ನ ಮಂಗಳವಾರ ಕೊಟ್ಟಾನ್ರಿ. 'ಹೊಸ ಆವೃತ್ತಿಯನ್ನು ಎರಡು ಟ್ಯಾಬ್‌ಗಳಲ್ಲಿ ಪರೀಕ್ಷಿಸಿಯೇ ಹಾಕಿದ್ದೇನೆ, ತಾರೀಖಿನ ದೋಷ ನನ್ನ ಗಮನಕ್ಕೆ ಬರಲಿಲ್ಲ.' ಇದನ್ನ ನೋಡಿ ನಾ ಮ್ಯಾಲಿನವರ ಕೂಡ ಜಗಳಾಡಿದೆ. ಹುಡುಗ ಪರೀಕ್ಷೆ ಮಾಡ್ಯಾನ, ಕಾಣದಂಥಾ ದೋಷ ಇತ್ತು, ಯಾರಿಗಾದ್ರೂ ಆಗ್ತದ ಅಂದೆ. ನಿನ್ನೆ ಸಂಜೀಕ ಒಪ್ಪಿದ್ರು. ಎಚ್ಚರಿಕಿ ಕೊಟ್ಟು ಮುಂದವರಸೂದು ಅಂತ ಆಗಿತ್ತು."

ನಾನು ಹಾಳೆಯನ್ನೇ ನೋಡುತ್ತಿದ್ದೆ.

"ಈಗ ನೀವು ಬಂದು ಏನ್ ಹೇಳಿದ್ರಿ? ಅಂವ ಪರೀಕ್ಷೆ ಮಾಡೇ ಇಲ್ಲ, ಹೊರಗಿನವರು ಒಂದ ಗುಂಪಿನ್ಯಾಗ ಹಾಕಿದ್ದ ಸಾಲು ನೋಡಿ ನಮ್ಮ ಸಿಸ್ಟಮ್‌ಗೆ ಹಾಕಿದ ಅಂತ. ಹೌದಿಲ್ಲೋ?"

"ಸರ್, ನನ್ನ ಸಾಲು ಸುಳ್ಳಿತ್ತು, ಅದಕ್ಕ..."

"ನಿಮ್ಮ ಸಾಲು ಖರೇ ಇದ್ರೂ ಅಷ್ಟರಿ. ನಿಮ್ಮನ್ನ ನಾವು ಕೆಲಸಕ್ಕ ಇಟ್ಕೊಂಡಿಲ್ಲ. ತಪ್ಪು ಮಾಡಿದವನ್ನ ಇಟ್ಕೋಬಹುದು. ಸುಳ್ಳು ಬರದು ಸಹಿ ಮಾಡಿದವನ್ನ ಹೆಂಗ ಇಟ್ಕೊಳ್ಳಿ? ಇಲ್ಲಿ ನಡಿಯೂದೆಲ್ಲಾ ಬರದದ್ದರ ಮ್ಯಾಲ ನಿಂತೈತ್ರಿ."

"ನಾ ಹೇಳೇ ಇಲ್ಲ ಅಂತ ತಿಳ್ಕೊಳ್ರಿ ಸರ್."

"ನೀವೂ ವಿಜ್ಞಾನ ಓದಿದವರು, ಗೊತ್ತಾದದ್ದು ಗೊತ್ತಿಲ್ಲ ಅಂತ ಹೆಂಗ ತಿಳ್ಕೊಳ್ಳಿ?" ಎಂದರು. ಬೈಯುವ ದನಿಯಲ್ಲಿ ಅಲ್ಲ. ಗಂಟೆ ಒತ್ತಿ ಪ್ರತಾಪನನ್ನು ಕರೆಯಲು ಹೇಳಿದರು.

ಅವನು ಬಾಗಿಲಲ್ಲಿ ನನ್ನನ್ನು ಕಂಡು ಒಮ್ಮೆ ನಕ್ಕ. ಬಳಗದವರು ಯಾರೋ ತನ್ನ ಪರವಾಗಿ ಮಾತಾಡಲು ಬಂದಿದ್ದಾರೆ ಎಂದುಕೊಂಡಿರಬೇಕು. ಹೇಮಂತ ಸರ್ ಪತ್ರವನ್ನು ಅವನ ಕಡೆ ತಿರುಗಿಸಿ, ಪರೀಕ್ಷೆ ಮಾಡಿದ್ದು ನಿಜವೇ ಎಂದು ಕೇಳಿದರು. ಅವನು ನನ್ನ ಕಡೆ ನೋಡಿದ, ಪತ್ರದ ಕಡೆ ನೋಡಿದ.

"ಇಲ್ರಿ ಸರ್."

ನನ್ನನ್ನು ಹೊರಗೆ ಕೂರಲು ಹೇಳಿದರು. ಹತ್ತು ನಿಮಿಷಕ್ಕೆ ಅವನು ಹೊರಬಂದ. ತನ್ನ ಕೋಣೆಗೆ ಹೋಗಿ ಊಟದ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಗೇಟಿನ ಕಡೆ ನಡೆದ. ಹಿಂದೆ ಹೋದೆ. ಶಲವಡಿಯ ಮೇಲಿಂದ ಅಣ್ಣಿಗೇರಿಗೆ ಹೋಗುವ ಬಸ್ಸು ಐದೂವರೆಗೆ, ಬೇರೆ ಇಲ್ಲ. ಬೇವಿನ ಮರದ ಕೆಳಗೆ ಇಬ್ಬರೂ ನಿಂತೆವು.

"ಪ್ರತಾಪ, ನಾ ನಿನಗ ಒಳ್ಳೇದಾಗಲಿ ಅಂತ..."

"ಗೊತ್ತಾತ್ರಿ ಅಕ್ಕಾರ."

"ಪತ್ರದಾಗ ಹಂಗ ಬರದಿದ್ದಿ ಅಂತ ನನಗ ಗೊತ್ತಿದ್ದಿಲ್ಲ."

"ಒಂದ ಫೋನ್ ಹಚ್ಚಿದ್ರ ಹೇಳ್ತಿದ್ದೆರಿ." ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಭಾನುವಾರ ಎಲ್ಲಾರೂ ಪರೀಕ್ಷೆ ಯಾಕ ಮಾಡಲಿಲ್ಲೋ ಅಂತ ಹಿಡಕೊಂಡ್ರಲ್ಲ, ಮಾಡಿಲ್ಲ ಅಂತ ಬರದ್ರ ಬಿಡಸ್ತಾರಂತ ಅವತ್ತ ತಿಳೀತು. ಅದಕ್ಕ ಮಾಡೇನಿ ಅಂತ ಬರದೆ. ಬರದದ್ದು ಒಂದ ಸಾಲು. ಜನ್ಮದಾಗ ಮೊದಲನೇ ಸಲ ಬರದಿದ್ದೆರಿ, ಅಂಥಾದ್ದು."

"ನಾ ಮತ್ತ ಒಳಗ ಹೋಗಿ ಹೇಳ್ತೇನಿ. ಕೈ ಮುಗಿದು ಹೇಳ್ತೇನಿ."

"ಬ್ಯಾಡ್ರಿ. ನೀವು ಇನ್ನೊಮ್ಮೆ ಹೇಳಿದ್ರ ಮೈಲಾರವ್ವನ ಕೆಲಸಾನೂ ಹೋಗ್ತೈತಿ." ವ್ಯಂಗ್ಯಕ್ಕೆ ಅಂದನೋ ನಿಜವಾಗಿ ಅಂದನೋ ತಿಳಿಯಲಿಲ್ಲ. "ಒಂದ ಕೇಳ್ಲಿ? ಭಾನುವಾರ ಸರ್ ಕೇಳಿದಾಗ ಹೌದ್ರಿ ಅಂದ್ರೆಲ್ಲ, ಅವಾಗ ನನ್ನ ಮಾರಿ ನೋಡಿ ಅಂದ್ರೋ, ಹಂಗ ಅಂದ್ರೋ?"

"ನೋಡಲಿಲ್ಲ."

"ಹಂಗಾದ್ರ ಆತು ಬಿಡ್ರಿ," ಎಂದ.

ಬಸ್ಸು ಬಂತು. ಮೈಲಾರವ್ವ ಕೆಲಸ ಮುಗಿಸಿ ಓಡೋಡಿ ಬಂದು ಹತ್ತಿದಳು. ಎರಡು ಜನರ ಒಂದೇ ಸೀಟು ಖಾಲಿ ಇತ್ತು. ಪ್ರತಾಪನ ಪಕ್ಕ ಅವಳು ಕುಳಿತಳು, ನಾನು ಹಿಂದೆ ಕಂಬಿ ಹಿಡಿದು ನಿಂತೆ.

"ಏನೋ ತಮ್ಮಾ, ಇವತ್ತ ಲಗೂನ ಬಿಟ್ರೇನ?"

"ಹೂಂನವ್ವಾ."

"ನಾಳೆ ನನ್ನ ಟ್ಯಾಬ್ ಒಂದೀಟ ನೋಡೋ. ಮತ್ತ ಹಂಗ ಆದ್ರ ನನ್ನ ಜೀವಾ ತಗೀತಾರ."

"ನಾಳಿಂದ ಬೇರೆ ಯಾರರೆ ಬರ್ತಾರವ್ವಾ. ನಾ ಬರೂದಿಲ್ಲ."

"ಯಾಕೋ? ಎಲ್ಲಿ ಹೊಂಟಿ?"

"ಎಲ್ಲಿಗೂ ಇಲ್ಲ. ಮನಿಯಾಗ ಇರ್ತೇನಿ."

ಅವಳು ಅವನ ಮುಖವನ್ನು ನೋಡಿದಳು, ಆಮೇಲೆ ಯಾಕೋ ತಿರುಗಿ ನನ್ನನ್ನು ನೋಡಿದಳು. ಒಡೆದ ಬೆರಳುಗಳ ಕೈಯನ್ನು ಅವನ ತೋಳಿನ ಮೇಲೆ ಇಟ್ಟು ಹಾಗೆಯೇ ಕುಳಿತಳು. ಶಲವಡಿಯಲ್ಲಿ ಇಬ್ಬರೂ ಇಳಿದರು. ಅವನು ತಿರುಗಿ ನೋಡದೆ ಹೋದ. ಅವರ ಸೀಟು ಖಾಲಿಯಾಯಿತು, ನಾನು ಕೂರಲಿಲ್ಲ.

ಅಣ್ಣಿಗೇರಿ ಬರುವುದರೊಳಗೆ ಬಳಗಕ್ಕೆ ಬರೆದೆ. ಎಲ್ಲವನ್ನೂ ಬರೆದೆ: ನಾಲ್ಕನೇ ಬರಹವನ್ನು ನಾನು ಮಾಡಿ ನೋಡಿರಲಿಲ್ಲ, ಪೂರ್ತಿ ಓದಿಯೂ ಇರಲಿಲ್ಲ, ತಪ್ಪನ್ನು ಮರುದಿನವೇ ಕಂಡಿದ್ದೆ, ಭಾನುವಾರ ಸಭೆಯಲ್ಲಿ ಹೇಳಿದ್ದು ಸುಳ್ಳು, ಪ್ರತಾಪನ ಕೆಲಸ ಇಂದು ಹೋಯಿತು. ಇನ್ನು ಮುಂದೆ ವಾರದ ಓದನ್ನು ಬೇರೆಯವರು ವಹಿಸಿಕೊಳ್ಳಬೇಕು. ಕಳಿಸಿದೆ.

ಊರ ಹೊರಗಿನ ಹತ್ತಿ ಮಿಲ್ಲು ದಾಟುವಾಗ ಸಿದ್ಧಾರೂಢ ಸರ್ ಬರೆದರು.

"ಇದನ್ನ ಮೊದಲ ಪ್ರತಾಪಗ ಹೇಳಿದ್ಯೋ, ಅವನ ಸಾಹೇಬಗ ಹೇಳಿದ್ಯೋ?"

ಬಸ್ಸು ಕುಲುಕುತ್ತಿತ್ತು, ಅಕ್ಷರಗಳು ತಪ್ಪುತ್ತಿದ್ದವು. ಅಳಿಸಿ ಮತ್ತೆ ಬರೆದೆ.

"ಸಾಹೇಬರಿಗ್ರಿ."

ಉಳಿದ ನಲವತ್ತೈದು ಮಂದಿಯೂ ಅದನ್ನು ಓದಿದರೆಂದು ಫೋನು ತೋರಿಸಿತು. ಪ್ರತಾಪನೂ ಓದಿದ್ದ.